ಕೆರೆದಂಡೆಗೆ ನೆನಪಿನ ಕಲ್ಲುಬೆಂಚು: ಯಾವ ಕಲ್ಲು, ಯಾರ ಕೆತ್ತನೆ, ಕೂರಿಸುವುದು ಹೇಗೆ

ಬೆಂಗಳೂರಿನ ಕೆರೆಗಳನ್ನು ಉಳಿಸಿಕೊಂಡ ಮೊದಲ ಸಾಲಿನ ಸ್ವಯಂಸೇವಕರು ಈಗ ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ಆರಕ್ಕೆ ಗಂಬೂಟು ಹಾಕಿಕೊಂಡು ಜೊಂಡು ಎಳೆದವರು, ರಾಜಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಜಾಲರಿಗೆ ಸಿಕ್ಕಿದ ಕಸ ಬಾಚಿದವರು, ಜನವರಿಯ ನೀರುಹಕ್ಕಿ ಗಣತಿಗೆ ಒಂದು ವರ್ಷವೂ ತಪ್ಪಿಸದೆ ಬಂದವರು, ಒತ್ತುವರಿಯ ನಕ್ಷೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು. ಅವರ ಹೆಸರು ಅದೇ ಕೆರೆಯ ದಂಡೆಯಲ್ಲಿ ಉಳಿಯಬೇಕು ಎಂದು ಜೊತೆಗಿದ್ದವರಿಗೆ ಅನ್ನಿಸುತ್ತದೆ. ಉಳಿಯಲೇಬೇಕು. ಹೆಚ್ಚಿನ ತಂಡಗಳು ಆರಿಸಿಕೊಳ್ಳುವುದು ಹೆಸರು ಕೆತ್ತಿದ ಕಲ್ಲುಬೆಂಚನ್ನು. ಅದನ್ನು ಮಾಡಿಕೊಡುವವರು ನಗರದ ಒಳಗೂ ಸುತ್ತಲೂ ಮೂರು ಬಗೆಯವರಿದ್ದಾರೆ. ಈ ಮೂರೂ ಕಡೆಯ ಮಾಲು, ಕೆತ್ತನೆ, ಕೊಟ್ಟ ದುಡ್ಡಿಗೆ ಬರುವ ಬಾಳಿಕೆ ಹೇಗಿರುತ್ತದೆ ಎಂಬುದೇ ಈ ವಿಮರ್ಶೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ತಿಳಿಬೂದು ಬಣ್ಣದ ಸಾದಹಳ್ಳಿ ಕಲ್ಲು, 3 ಇಂಚು ದಪ್ಪದ ಇಡೀ ಚಪ್ಪಡಿ, ಪಾಲಿಶ್ ಇಲ್ಲದ ಮೈ, ಆಳವಾಗಿ ಕೊರೆದ ಬಣ್ಣವಿಲ್ಲದ ಅಕ್ಷರ. ಇದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟಿನ ಮೇಲೆ ಲೇಸರ್‌ನಲ್ಲಿ ಭಾವಚಿತ್ರ ಮೂಡಿಸಿದ ಬೆಂಚು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಕೆರೆದಂಡೆಗೆ ಒಗ್ಗುವುದಿಲ್ಲ.

ಕಲ್ಲಿನ ಮಾತು

ದೇವನಹಳ್ಳಿ ಕಡೆಯ ಸಾದಹಳ್ಳಿಯ ಹೆಸರಿನಲ್ಲಿ ಮಾರಾಟವಾಗುವ ಬೂದು ಗ್ರಾನೈಟ್ ಬೆಂಗಳೂರಿನ ಮನೆಗಳಿಗೆ ಹೊಸದಲ್ಲ. ಕಾಂಪೌಂಡ್ ಕಂಬ, ಮೆಟ್ಟಿಲು, ಜಗಲಿಯ ಹಾಸುಗಲ್ಲು ಎಲ್ಲದರಲ್ಲೂ ಅದೇ ಇದೆ. ಲಾಲ್‌ಬಾಗ್ ಬಂಡೆಯ ಬಣ್ಣಕ್ಕೆ ಹತ್ತಿರವಾದ್ದರಿಂದ ಕೆರೆಯ ಬದಿಯಲ್ಲಿ ಹೊರಗಿನಿಂದ ತಂದಿಟ್ಟ ವಸ್ತುವಿನ ಹಾಗೆ ಕಣ್ಣಿಗೆ ರಾಚುವುದಿಲ್ಲ. ಬಿಸಿಲಿಗೆ ಕಪ್ಪು ಕಲ್ಲಿನಷ್ಟು ಕಾಯುವುದೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಕಪ್ಪು ಚಪ್ಪಡಿಯ ಮೇಲೆ ಕೂರಲು ಆಗುವುದಿಲ್ಲ, ಸಂಜೆ ವಾಕಿಂಗಿಗೆ ಬರುವ ಹೊತ್ತಿಗೂ ಅದರ ಕಾವು ಇಳಿದಿರುವುದಿಲ್ಲ. ಚಾಮರಾಜನಗರ ಅಥವಾ ಕನಕಪುರದ ಕಪ್ಪು ಕಲ್ಲು ಕಳಪೆಯೆಂದು ಇದರ ಅರ್ಥವಲ್ಲ. ಅದು ಒಳ್ಳೆಯ ಕಲ್ಲೇ. ಗೋಡೆಗೆ ಹಾಕುವ ಫಲಕಕ್ಕೆ ಅದಕ್ಕಿಂತ ಬೇರೆ ಬೇಕಿಲ್ಲ, ಬಯಲಿನ ಬೆಂಚಿಗೆ ಮಾತ್ರ ಬೇಡ.

ಕಲ್ಲು ಆರಿಸುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಲ್ಲು ಗಂಟೆಯ ಹಾಗೆ ಠಣ್ಣೆನ್ನುತ್ತದೆ. ಒಳಗೆ ಸೀಳಿದ್ದರೆ ಒಡಕುಮಡಕೆಯ ದನಿ ಬರುತ್ತದೆ. ಆಮೇಲೆ ಒಂದು ಬಕೆಟ್ ನೀರು ಸುರಿಯಿರಿ. ಒದ್ದೆಯಾದಾಗ ಸೀಳಿನ ಗೆರೆ ಕಪ್ಪಗೆ ಕಾಣುತ್ತದೆ, ಸುತ್ತಲಿನ ಮೈ ಒಣಗಿದ ಮೇಲೂ ಅದು ತೇವ ಹಿಡಿದಿರುತ್ತದೆ. ತುಕ್ಕು ಬಣ್ಣದ ಚುಕ್ಕೆಗಳಿರುವ ಚಪ್ಪಡಿ ಬೇಡ. ಅದು ಕಬ್ಬಿಣದ ಅಂಶ, ಎರಡು ಮಳೆಗಾಲಕ್ಕೆ ಅಕ್ಷರಗಳ ಮೇಲೆ ಕಂದು ಬಣ್ಣ ಇಳಿಯುತ್ತದೆ.

ಅಂಗಡಿಗಳಲ್ಲಿ ಹೆಚ್ಚು ಮೋಸ ಹೋಗುವುದು ದಪ್ಪದ ವಿಷಯದಲ್ಲಿ. ಅಡುಗೆಮನೆ ಕಟ್ಟೆಗೆ ಬಳಸುವ ಚಪ್ಪಡಿ 18ರಿಂದ 20 ಮಿಲಿಮೀಟರ್ ಮಾತ್ರ. ಅದರ ಅಂಚಿಗೆ ಕೆಳಗಿನಿಂದ ಇನ್ನೊಂದು ಪಟ್ಟಿ ಅಂಟಿಸಿ, ಉಜ್ಜಿ, ಎರಡಿಂಚು ದಪ್ಪ ಕಾಣುವಂತೆ ಮಾಡುತ್ತಾರೆ. ಮನೆಯೊಳಗೆ ಇದು ನಡೆಯುತ್ತದೆ. ಬಯಲಿನಲ್ಲಿ ಬಿಸಿಲು ಮಳೆಗೆ ಅಂಟು ಬಿಟ್ಟು ಪಟ್ಟಿ ಕಳಚುತ್ತದೆ, ಮೂವರು ಒಟ್ಟಿಗೆ ಕೂತ ದಿನ ಚಪ್ಪಡಿ ನಡುವೆ ಮುರಿಯುತ್ತದೆ. ಆರ್ಡರ್ ಚೀಟಿಯಲ್ಲಿ ‘ಒಂದೇ ಕಲ್ಲು, 75 ಮಿಮೀ, ಅಂಟಿಸಿದ ಅಂಚು ಬೇಡ’ ಎಂದೇ ಬರೆಸಿ.

ಅಳತೆ ಹೀಗಿರಲಿ: ಆಸನ 5 ಅಡಿ ಉದ್ದ, ಒಂದೂವರೆ ಅಡಿ ಅಗಲ, 3 ಇಂಚು ದಪ್ಪ. ಕಾಲುಗಲ್ಲು ಎರಡು, ತಲಾ 30 ಇಂಚು ಎತ್ತರ, 15 ಇಂಚು ಅಗಲ, 4 ಇಂಚು ದಪ್ಪ. ಕಾಲುಗಲ್ಲಿನ ಅರ್ಧ, ಎಂದರೆ 15 ಇಂಚು, ನೆಲದೊಳಗೆ ಹೋಗುತ್ತದೆ. ಆಗ ಕೂರುವ ಎತ್ತರ 18 ಇಂಚು ಬರುತ್ತದೆ. ಇದಕ್ಕಿಂತ ತಗ್ಗಾದರೆ ಮಂಡಿನೋವಿನವರಿಗೆ ಏಳುವುದು ಕಷ್ಟ, ಕೆರೆ ತಂಡಗಳಲ್ಲಿ ಅಂಥವರೇ ಹೆಚ್ಚು. ಗ್ರಾನೈಟ್ ಘನಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಆಸನವೊಂದೇ 140 ಕಿಲೋ, ಎಲ್ಲ ಸೇರಿ ಹತ್ತಿರ ಹತ್ತಿರ 300 ಕಿಲೋ. ಈ ಲೆಕ್ಕ ಮುಂದೆ ಸಾಗಿಸುವಾಗ ಬೇಕಾಗುತ್ತದೆ. ಒರಗುಗಲ್ಲು ಬೇಡ ಎಂಬುದು ನಮ್ಮ ಅಭಿಪ್ರಾಯ. ಹಿಂದಿನಿಂದ ತಳ್ಳಿದಾಗ ಮೊದಲು ಬಿಡುವುದು ಅದರ ಕೀಲು.

ಮೂರು ಕಡೆಯ ಕೆಲಸ

ಜಿಗಣಿ ಸುತ್ತಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಕತ್ತರಿಸುವ ಕೆಲಸ ಅಚ್ಚುಕಟ್ಟು. ಅಳತೆ ಕೂದಲಷ್ಟೂ ತಪ್ಪುವುದಿಲ್ಲ, ಬೆಂಕಿ ಹಾಯಿಸಿ ಮೈ ಒರಟು ಮಾಡುವ ಸೌಲಭ್ಯವಿದೆ, ಅಂಚನ್ನು ಉರುಟು ಮಾಡಿ ಕೊಡುತ್ತಾರೆ. ಆದರೆ ಅವರ ವ್ಯಾಪಾರ ಲೋಡುಗಟ್ಟಲೆ ನಡೆಯುವಂಥದ್ದು. ಒಂದು ಬೆಂಚಿನ ಆರ್ಡರ್‌ಗೆ ಗಮನ ಸಿಗುವುದು ನಿಧಾನ, ಅಕ್ಷರ ಕೆತ್ತಲು ಹೊರಗೆ ಕಳಿಸುತ್ತಾರೆ. ಕಲ್ಲಿಗೆ 5ಕ್ಕೆ 4 ಅಂಕ, ಅಕ್ಷರಕ್ಕೆ 2.

ನಗರದೊಳಗಿನ ನಾಮಫಲಕದ ಅಂಗಡಿಗಳಲ್ಲಿ ಬೇಗ ಆಗುತ್ತದೆ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ್ದನ್ನು ಎದುರಿಗೇ ಕೂತು ನೋಡಬಹುದು. ರಬ್ಬರ್ ಹಾಳೆಯನ್ನು ಅಕ್ಷರದಾಕಾರಕ್ಕೆ ಕತ್ತರಿಸಿ ಕಲ್ಲಿಗೆ ಅಂಟಿಸಿ ಮರಳಿನಂಥ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆಯುತ್ತಾರೆ. ಸರಿಯಾಗಿ ಮಾಡಿದರೆ ಇದು ಗಟ್ಟಿ ಕೆಲಸ. ಒಂದಿಂಚಿನ ಅಕ್ಷರಕ್ಕೆ 3 ಮಿಮೀ ಆಳವಾದರೂ ಇಳಿಯಬೇಕು. ಬಹಳ ಕಡೆ ಒಂದು ಮಿಲಿಮೀಟರ್ ಕೊರೆದು, ಒಳಗೆ ಚಿನ್ನದ ಬಣ್ಣದ ಪೇಂಟ್ ತುಂಬಿ ಕೊಟ್ಟುಬಿಡುತ್ತಾರೆ. ಆ ಬಣ್ಣ ಕೆಲವೇ ಬೇಸಿಗೆಯಲ್ಲಿ ಏಳುತ್ತದೆ, ಆಮೇಲೆ ಓದಲು ಏನೂ ಉಳಿದಿರುವುದಿಲ್ಲ. ಹಣ ಕೊಡುವ ಮೊದಲು ಬಣ್ಣ ತುಂಬದ ಕಲ್ಲನ್ನು ನೋಡಬೇಕೆಂದು ಹೇಳಿ. ಉಗುರು ಇಟ್ಟರೆ ಒಳಗಿಳಿಯಬೇಕು. ಇಲ್ಲಿಗೆ 5ಕ್ಕೆ 3, ನೀವು ಎದುರಿಗೆ ನಿಂತು ಮಾಡಿಸಿದರೆ ಮೂರೂವರೆ.

ಮೂರನೆಯದು ಕೈಯಲ್ಲಿ ಕೆತ್ತುವವರು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದೇ ಹೆಸರಾದದ್ದು. ವಿಗ್ರಹ ಮಾಡುವವರ ಉಳಿ ಅಕ್ಷರಕ್ಕೆ ಇಳಿದಾಗ ಬರುವ ಗೆರೆಯೇ ಬೇರೆ. ಇಳಿಜಾರು ಬದಿಗಳ ಆ ಕೊರೆತದಲ್ಲಿ ನೆರಳು ಕೂರುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಬಣ್ಣವಿಲ್ಲದೆಯೇ ಇಪ್ಪತ್ತು ಅಡಿ ದೂರದಿಂದ ಓದಬಹುದು. ಸಮಯ ಹೆಚ್ಚು ಬೇಕು, ಹಬ್ಬ ಜಾತ್ರೆಗಳ ಮುಂದೆ ದೇವಸ್ಥಾನದ ಕೆಲಸವೇ ಅವರಿಗೆ ಮೊದಲು, ಕೂಲಿಯೂ ಹೆಚ್ಚು. ಇನ್ನೊಂದು ಮಾತು ಗಮನದಲ್ಲಿರಲಿ: ವಿಗ್ರಹಕ್ಕೆ ಬಳಸುವ ಕೃಷ್ಣಶಿಲೆ ಉಳಿಗೆ ಸುಲಭ, ಹಾಗೆಯೇ ಗೀರಿಗೂ ಸುಲಭ. ಬೆಂಚಿಗೆ ಗ್ರಾನೈಟನ್ನೇ ಕೇಳಿ. ಕೆತ್ತನೆಗೆ 5ಕ್ಕೆ 5. ಕಲ್ಲನ್ನು ಅಳತೆಗೆ ಕಾರ್ಖಾನೆಯಲ್ಲಿ ಕೊಯ್ಯಿಸಿ ಅಕ್ಷರ ಮಾತ್ರ ಇವರಿಂದ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ, ಸಾಗಾಟ ಒಂದು ಸಲ ಹೆಚ್ಚಾದರೂ ಸರಿ.

ಅಕ್ಷರ ಕೆಡುವುದು ಎಲ್ಲಿ

ಕಲ್ಲಿನಲ್ಲಿ ತಪ್ಪು ಬಿದ್ದರೆ ತಿದ್ದುವ ಹಾಗಿಲ್ಲ. ಅದೂ ತೀರಿಕೊಂಡವರ ಹೆಸರಿನಲ್ಲಿ ತಪ್ಪು ಬಿದ್ದರೆ ಮನೆಯವರಿಗೆ ಆಗುವ ನೋವು ಚಿಕ್ಕದಲ್ಲ. ಆದ್ದರಿಂದ ಈ ಭಾಗಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ.

ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್ ಕನ್ನಡ. ಬಹುಪಾಲು ಅಂಗಡಿಗಳ ವಿನ್ಯಾಸ ತಂತ್ರಾಂಶ ಇನ್ನೂ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಪಕ್ಕಕ್ಕೆ ಜರುಗುತ್ತದೆ, ಅರ್ಕಾವತ್ತು ತಪ್ಪು ಅಕ್ಷರದ ಹಿಂದೆ ಕೂರುತ್ತದೆ, ವಟ್ರಸುಳಿ ಮಾಯವಾಗುತ್ತದೆ. ‘ಕಾರ್ಯಕರ್ತ’ ಎಂಬ ಒಂದೇ ಪದದಲ್ಲಿ ಎರಡು ಅರ್ಕಾವತ್ತು ಇವೆ, ಇಂಥ ಬೆಂಚಿನಲ್ಲಿ ಬಂದೇ ಬರುವ ಪದ ಅದು. ಹೆಸರುಗಳಲ್ಲಿ ಇನ್ನೊಂದು ತೊಡಕಿದೆ: ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆದದ್ದು ಕಂಪ್ಯೂಟರಿನಲ್ಲಿ ‘ರಾಜ್ಕುಮಾರ್’ ಎಂದು ಕೂಡಿಕೊಂಡುಬಿಡುತ್ತದೆ. ಇನ್ನು ರಬ್ಬರ್ ಹಾಳೆ ಕತ್ತರಿಸುವಾಗ ಮಹಾಪ್ರಾಣದ ಸೀಳು ಹೋಗುತ್ತದೆ. ‘ಧ’ ಇದ್ದದ್ದು ‘ದ’ ಆಗುತ್ತದೆ, ‘ಭ’ ಇದ್ದದ್ದು ‘ಬ’. ‘ಠ’ದ ನಡುವಿನ ಚುಕ್ಕೆ ಪುಡಿಯ ರಭಸಕ್ಕೆ ಹಾರಿಹೋಗಿ ಬರೀ ಸೊನ್ನೆ ಉಳಿಯುತ್ತದೆ. ಅಕ್ಷರ ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ಒತ್ತು ಬಿಟ್ಟು ಮೂಲ ಅಕ್ಷರವೇ 25 ಮಿಮೀಗಿಂತ ಕಡಿಮೆ ಇರಬಾರದು, 30 ಇದ್ದರೆ ನಿಶ್ಚಿಂತೆ.

ಇದಕ್ಕೆಲ್ಲ ಒಂದೇ ಮದ್ದು. ಕೆತ್ತುವ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕಲ್ಲಿನ ಮೇಲೆ ಅಂಟಿಸಿ, ಮನೆಯವರೊಬ್ಬರು ಮತ್ತು ತಂಡದವರೊಬ್ಬರು ಓದಿ ಪ್ರತಿ ಹಾಳೆಗೆ ಸಹಿ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ ‘ಓಕೆ’ ಎನ್ನಬೇಡಿ, ಚಿಕ್ಕ ತೆರೆಯಲ್ಲಿ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ. ದರ ಅಕ್ಷರಕ್ಕಿಷ್ಟು ಎಂದು ಇರುತ್ತದೆ. ಒತ್ತಕ್ಷರವನ್ನೂ ದೀರ್ಘವನ್ನೂ ಬೇರೆ ಅಕ್ಷರವಾಗಿ ಎಣಿಸುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ, ಬಿಲ್ಲಿನಲ್ಲಿ ತಕರಾರು ಬರುವುದು ಇಲ್ಲೇ.

ಅಕ್ಷರ ಆಸನದ ಮೇಲ್ಮೈಯಲ್ಲಿ ಬೇಡ. ಹೆಸರಿನ ಮೇಲೆ ಕೂರಲು ಜನ ಹಿಂಜರಿಯುತ್ತಾರೆ, ಬೆಂಚು ಖಾಲಿ ಉಳಿಯುತ್ತದೆ. ಬೆಂಚು ನೀರಿನ ಕಡೆ ಮುಖ ಮಾಡಿದ್ದರೆ ನಡೆಯುವ ದಾರಿ ಅದರ ಬೆನ್ನಿಗೆ ಇರುತ್ತದೆ, ಹಾಗಾಗಿ ಹೋಗಿಬರುವವರಿಗೆ ಕಾಣುವುದು ಹಿಂದಿನ ಅಂಚು. ಹೆಸರು ಮತ್ತು ಇಸವಿ ಅಲ್ಲಿರಲಿ. 3 ಇಂಚಿನ ಅಂಚಿನಲ್ಲಿ 30 ಮಿಮೀ ಅಕ್ಷರ, ಮೇಲೆ ಗುಣಿತ, ಕೆಳಗೆ ಒತ್ತು ಸೇರಿ ಒಂದು ಸಾಲು ಸರಿಯಾಗಿ ಕೂರುತ್ತದೆ. ಎರಡೂ ತುದಿಯಲ್ಲಿ ಗೇಣಷ್ಟು ಬಿಟ್ಟರೆ ಸುಮಾರು 30 ಅಕ್ಷರ ಹಿಡಿಯುತ್ತದೆ. ಮುಂದಿನ ಅಂಚಿನಲ್ಲಿ ಅವರು ಮಾಡಿದ ಕೆಲಸ ಬರಲಿ: ‘ಈ ಕೆರೆಯ ಹಕ್ಕಿಗಳನ್ನು 12 ವರ್ಷ ಎಣಿಸಿದವರು’. ಇಷ್ಟು ಸಾಕು. ‘ಪರಿಸರಪ್ರೇಮಿ’, ‘ಧೀಮಂತ ಚೇತನ’ ಎಂದು ಬರೆದರೆ ಯಾರಿಗಾದರೂ ಒಪ್ಪುತ್ತದೆ, ಆ ಮನುಷ್ಯರೇ ಅಲ್ಲಿ ಇರುವುದಿಲ್ಲ. ನಮ್ಮ ನೆಲದ ಹಳೆಯ ಶಾಸನಗಳು ಈ ವಿಷಯದಲ್ಲಿ ನೇರ. ಬೆಂಗಳೂರಿನದೇ ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಶಾಸನ ಎರಡು ಕೆರೆಗೆ ತೂಬು ಇಡಿಸಿ ಮೂರನೆಯದನ್ನು ಕಟ್ಟಿಸಿದವನ ಕೆಲಸವನ್ನು ದಾಖಲಿಸಿದೆ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟ ಜಮೀನಿಗೆ ಕಟ್ಟುಕೊಡಗೆ ಎಂಬ ಹೆಸರೇ ಇತ್ತು. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನೆಂಬ ವೀರನ ವೀರಗಲ್ಲಿನ ಅಕ್ಷರಗಳು ಸುಮಾರು ಕ್ರಿ.ಶ. 750ರವು, ಬಣ್ಣ ತುಂಬದೆಯೂ ಇಂದಿಗೆ ಓದಲು ಸಿಗುತ್ತವೆ.

ಕೂರಿಸುವಾಗ

ಕೆರೆ ಯಾವ ಇಲಾಖೆಯ ಸುಪರ್ದಿಯಲ್ಲಿದೆಯೋ ಅಲ್ಲಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಜಾಗದ ನಕ್ಷೆ, ಅಳತೆ, ತೂಕ, ಕೆತ್ತುವ ವಾಕ್ಯ ನಾಲ್ಕನ್ನೂ ಅರ್ಜಿಗೆ ಲಗತ್ತಿಸಿ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಎಂಜಿನಿಯರ್ ವರ್ಗವಾದ ಮೇಲೆ, ದಾರಿ ಅಗಲ ಮಾಡುವ ಗುತ್ತಿಗೆದಾರರಿಗೆ ಬೆಂಚು ಬರೀ ಅಡ್ಡ ಬಂದ ಕಲ್ಲು.

ಜಾಗ ಆರಿಸುವಾಗ ಹೂಳೆತ್ತಿ ಸುರಿದ ಹೊಸ ಮಣ್ಣನ್ನು ಬಿಟ್ಟುಬಿಡಿ. ಅದು ಎರಡು ಮಳೆಗಾಲ ಕುಸಿಯುತ್ತಲೇ ಇರುತ್ತದೆ, ಬೆಂಚು ಒಂದು ಕಡೆಗೆ ವಾಲುತ್ತದೆ. ನೀರುಕಾಗೆ, ಬೆಳ್ಳಕ್ಕಿ ರಾತ್ರಿ ತಂಗುವ ಮರದ ಕೆಳಗೂ ಬೇಡ. ಹಿಕ್ಕೆಯಿಂದ ಬೆಂಚು ಕೆಡುವುದು ಚಿಕ್ಕ ಮಾತು, ಜನ ಕೂರುವ ಸದ್ದಿಗೆ ಹಕ್ಕಿ ಆ ಮರವನ್ನೇ ಬಿಡುವುದು ದೊಡ್ಡ ನಷ್ಟ. ಹಕ್ಕಿಗಾಗಿ ಬದುಕು ಸವೆಸಿದವರ ಹೆಸರಿನಲ್ಲಿ ಹೀಗಾಗಬಾರದು. ತೂಬಿನ ಮೇಲೆ, ಕೋಡಿಯ ಪಕ್ಕದಲ್ಲಿ ಯಾವ ಗುಂಡಿಯನ್ನೂ ತೋಡಬೇಡಿ.

ಏರಿಯ ಮೇಲೆ ಕ್ರೇನ್ ಬರಲಾಗದು, ಬಂದರೆ ದಾರಿಯ ಹಾಸುಬಿಲ್ಲೆಗಳು ಒಡೆಯುತ್ತವೆ. ಗೂಡ್ಸ್ ಟೆಂಪೊದಲ್ಲಿ ಗೇಟಿನ ತನಕ ತಂದು, ಅಲ್ಲಿಂದ ಎರಡಿಂಚಿನ ಕಬ್ಬಿಣದ ಪೈಪಿನ ನಾಲ್ಕು ತುಂಡುಗಳ ಮೇಲೆ ಉರುಳಿಸಿಕೊಂಡು ಹೋಗಬಹುದು. ಆಸನ ಎತ್ತಿ ಇಡಲು ಆರು ಜನ ಬೇಕು, ನಾಲ್ವರಲ್ಲಿ ಆಗುತ್ತದೆಂದು ಹೊರಟರೆ ಬೆರಳು ಜಜ್ಜುತ್ತದೆ. ಕಾಲುಗಲ್ಲಿಗೆ ಒಂದೂವರೆ ಅಡಿ ಆಳದ ಗುಂಡಿ, ತಳದಲ್ಲಿ 3 ಇಂಚು ಕಾಂಕ್ರೀಟು, ಸುತ್ತ ಕಾಂಕ್ರೀಟು ತುಂಬಿ ಮೇಲಿನ 4 ಇಂಚು ಮಣ್ಣಿಗೇ ಬಿಡಿ, ಹುಲ್ಲು ಹಿಡಿಯುತ್ತದೆ. ಏಳು ದಿನ ನೀರುಣಿಸಿದ ಮೇಲೆ ಆಸನ ಇಡಿ. ಸಿಮೆಂಟು ಕಲಸಿದ ಬಾಣಲಿಯನ್ನು ಕೆರೆಯಲ್ಲಿ ತೊಳೆಯಲು ಕೆಲಸದವರನ್ನು ಬಿಡಬೇಡಿ. ಸಿಮೆಂಟಿನ ಸುಣ್ಣದ ನೀರು ದಂಡೆಯ ಮೀನುಮರಿಗಳಿಗೆ ವಿಷ.

ಕಾಲಿಗೂ ಆಸನಕ್ಕೂ ನಡುವೆ ಕೀಲು ಬೇಕೇಬೇಕು. ಪ್ರತಿ ಕಾಲಿಗೆ 12 ಮಿಮೀ ದಪ್ಪದ ಎರಡು ಸ್ಟೇನ್‌ಲೆಸ್ ಸ್ಟೀಲ್ ಸರಳು, ಆಸನದ ತಳದಲ್ಲಿ 40 ಮಿಮೀ ಆಳದ ತೂತು, ಒಳಗೆ ಎಪಾಕ್ಸಿ ಅಂಟು. ಮೇಸ್ತ್ರಿಯ ಬಳಿ ಉಳಿದ ಕಟ್ಟಡದ ಕಂಬಿ ಹಾಕಲು ಬಿಡಬೇಡಿ. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದಾಗ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಕೆಲವೇ ವರ್ಷದಲ್ಲಿ ಬಿರುಕು ಬಿಟ್ಟ ಬೆಂಚುಗಳನ್ನು ನೋಡಿದರೆ ಬಹುಪಾಲು ಕಾರಣ ಇದೇ. ಆಸನವನ್ನು ಹಿಂದಕ್ಕೆ ಕಾಲಿಂಚು ಇಳಿಜಾರು ಕೊಟ್ಟು ಕೂರಿಸಿದರೆ ಮಳೆನೀರು ನಿಲ್ಲುವುದಿಲ್ಲ.

ಬೇರೆ ದಾರಿಗಳು

ಹಿತ್ತಾಳೆ ಫಲಕ ಬೇಡ, ಗುಜರಿಗೆ ಬೆಲೆ ಇರುವ ಯಾವುದೂ ದಂಡೆಯಲ್ಲಿ ಉಳಿಯದು. ಶ್ರದ್ಧಾಂಜಲಿಯ ಫ್ಲೆಕ್ಸ್ ಅಂತೂ ಬೇಡವೇ ಬೇಡ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ, ಹರಿದ ಫ್ಲೆಕ್ಸ್ ಕೊನೆಗೆ ಸೇರುವುದು ಅದೇ ರಾಜಕಾಲುವೆಗೆ, ಅದೇ ಜಾಲರಿಗೆ.

ನೆನಪಿನ ಗಿಡ ನೆಡುವುದು ಎಲ್ಲರಿಗೂ ಮೊದಲು ಹೊಳೆಯುವ ವಿಚಾರ, ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಅಗ್ಗಕ್ಕೆ ಸಿಗುತ್ತದೆ. ಹೊಂಗೆ, ನೇರಳೆ, ಹೊಳೆಮತ್ತಿ ಕೆರೆಯಂಗಳಕ್ಕೆ ಸರಿ. ಆಲ, ಅರಳಿ, ಅತ್ತಿಯನ್ನು ಏರಿಯ ಮೇಲೆ ನೆಡಬೇಡಿ. ಬೇರು ಕಲ್ಲುಕಟ್ಟಣೆಯನ್ನು ಬಿಡಿಸುತ್ತದೆ, ಮರ ಸತ್ತರೆ ಬೇರು ಕೊಳೆತ ಜಾಗ ನೀರು ಸೋರುವ ಕೊಳವೆಯಾಗುತ್ತದೆ. ದೊಡ್ಡ ಚೀಲದ, ಆಳೆತ್ತರದ ಸಸಿಯನ್ನೇ ಕೇಳಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅದನ್ನು ಬಿಟ್ಟು ಇನ್ನೊಂದು ಆರಿಸಿ. ಎರಡಡಿ ಉದ್ದಗಲ ಆಳದ ಗುಂಡಿ, ಜೂನ್ ಜುಲೈನಲ್ಲಿ ನೆಡುವಿಕೆ, ಡಿಸೆಂಬರಿನಿಂದ ಮೇ ತನಕ ವಾರಕ್ಕೆ ಎರಡು ಸಲ ಹತ್ತು ಲೀಟರ್ ನೀರು, ಹೀಗೆ ಎರಡು ಬೇಸಿಗೆ. ಈ ನೀರಿನ ಪಾಳಿ ಯಾರದ್ದು ಎಂದು ಬರೆದಿಡದೆ ನೆಟ್ಟ ಗಿಡ ಉಳಿಯುವುದು ಅಪರೂಪ. ಒಬ್ಬರ ಹೆಸರಿನ ಒಂದೇ ಗಿಡ ಒಣಗಿದರೆ ಮನೆಯವರು ಎರಡನೆಯ ಸಲ ಕಳೆದುಕೊಂಡ ಹಾಗೆ. ಐದಾರು ಗಿಡ ನೆಟ್ಟು ಆ ಗುಂಪಿಗೆ ಹೆಸರಿಡಿ. ಹೆಸರು ಮಾತ್ರ ಕಲ್ಲಿನಲ್ಲೇ ಇರಲಿ, ಮರಕ್ಕೆ ಮೊಳೆ ಹೊಡೆಯಬೇಡಿ. ಕಬ್ಬಿಣದ ಗಿಡರಕ್ಷಕವನ್ನು ಮೂರನೆಯ ವರ್ಷ ತೆಗೆದುಬಿಡಿ, ಇಲ್ಲದಿದ್ದರೆ ಕಾಂಡ ಅದನ್ನು ನುಂಗುತ್ತದೆ.

ಚಿಕ್ಕ ಕೆರೆಗೆ ನಾಲ್ಕು ನೆನಪಿನ ಬೆಂಚು ಸಾಕು. ಅದಕ್ಕಿಂತ ಹೆಚ್ಚಾದರೆ ದಂಡೆ ಸ್ಮಶಾನದ ಹಾಗೆ ಕಾಣತೊಡಗುತ್ತದೆ. ಐದನೆಯ ಹೆಸರು ಬರುವ ಹೊತ್ತಿಗೆ ಗೇಟಿನ ಬಳಿ ವೀರಗಲ್ಲಿನ ಹಾಗೆ ಒಂದು ನಿಲ್ಲುಗಲ್ಲು ನೆಟ್ಟು, ಮೇಲಿನಿಂದ ಸಾಲು ಸಾಲಾಗಿ ಕೆತ್ತಿಸುತ್ತ ಬನ್ನಿ, ಕೆಳಗೆ ಖಾಲಿ ಜಾಗ ಬಿಡಿ. ಐದೂವರೆ ಅಡಿ ಕಲ್ಲಿನಲ್ಲಿ ಒಂದೂವರೆ ಅಡಿ ನೆಲದೊಳಗೆ. ಹೊಸ ಸಾಲು ಸೇರಿಸಲು ಉಳಿ ಸುತ್ತಿಗೆಯವರೇ ಆಗಬೇಕು. ನೆಟ್ಟ ಕಲ್ಲಿಗೆ ಪುಡಿ ಹೊಡೆಯಲು ಕಂಪ್ರೆಸರನ್ನು ದಂಡೆಗೆ ತರಬೇಕಾಗುತ್ತದೆ, ಅದರ ಸದ್ದು ಧೂಳು ಎರಡೂ ಬೇಡ.

ಶುಚಿ ಮಾಡಲು ನೀರು, ನೈಲಾನ್ ಬ್ರಷ್ ಇಷ್ಟೇ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಕಲ್ಲಿನ ಕಬ್ಬಿಣದ ಅಂಶ ಕರಗಿ ಹಳದಿ ಕಲೆ ಕೂರುತ್ತದೆ, ಮತ್ತೆ ಹೋಗದು.

ಆರ್ಡರ್ ಕೊಡಲು ನವೆಂಬರ್ ಡಿಸೆಂಬರ್ ಒಳ್ಳೆಯ ಸಮಯ. ಕೈಕೆತ್ತನೆಗೆ ಎರಡು ತಿಂಗಳು ಹಿಡಿದರೂ ಮಣ್ಣು ಒಣಗಿರುವಾಗಲೇ, ಬೇಸಿಗೆ ಮಳೆ ಶುರುವಾಗುವ ಮುಂಚೆಯೇ ಕೂರಿಸಬಹುದು. ಹಣವನ್ನು ಮೂರು ಪಾಲು ಮಾಡಿ: ಕಲ್ಲು ಆರಿಸಿದಾಗ ಒಂದು, ಬಣ್ಣ ತುಂಬದ ಅಕ್ಷರ ನೋಡಿ ಒಪ್ಪಿದ ಮೇಲೆ ಇನ್ನೊಂದು. ಕೊನೆಯ ಚಿಕ್ಕ ಪಾಲನ್ನು ಮೊದಲ ಮಳೆಗಾಲ ಮುಗಿದು, ನವೆಂಬರಿನಲ್ಲಿ ಆಸನದ ಮೇಲೆ ಮಟ್ಟ ನೋಡುವ ರಸಮಟ್ಟ ಇಟ್ಟು, ಕೂರಿಸಿದಾಗಿನ ಇಳಿಜಾರೇ ಇದೆ ಎಂದು ಖಚಿತವಾದ ಮೇಲೆ ಕೊಡುವಂತೆ ಮಾತಾಡಿಕೊಳ್ಳಿ.